ಗೊಬ್ಬೂರ ದಾರಿಯ ಗೂಬೆಗಳು

ಕಲಬುರಗಿಯಿಂದ ಅಫಜಲಪುರ ತಾಲ್ಲೂಕಿನ ಗೊಬ್ಬೂರಿನತ್ತ ಹೊರಟರೆ ಕಾಡು ಎದುರಾಗುವುದಿಲ್ಲ. ಎರೆಹೊಲ, ತೊಗರಿ, ಜೋಳ, ನಡುನಡುವೆ ಒಂದು ಬೇವು, ಒಂದು ಹುಣಸೆ, ಊರು ಹತ್ತಿರವಾದಾಗ ಒಂದು ಆಲ. ದೊಡ್ಡ ಮರಕ್ಕೂ ‘ಗಿಡ’ ಎನ್ನುವ ಈ ಸೀಮೆಗೆ ಗೂಬೆಯ ಚಿತ್ರ ತೆಗೆಯಲು ಬರುವುದು ವ್ಯರ್ಥವೆನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಬಯಲುಸೀಮೆಯ ಗೂಬೆಗೆ ದಟ್ಟಡವಿಗಿಂತ ಪೊಟರೆಯಿರುವ ಹಳೆಯ ಮರ ಮುಖ್ಯ. ಬುಡಬುಡಿಕೆಯವರ ಶಕುನದ ಮಾತಿನಲ್ಲಿ ಬರುವ ಹಾಲಕ್ಕಿ ಇಂಥ ಮರದಲ್ಲೇ ಸಂಸಾರ ಹೂಡುತ್ತದೆ. ಹೊಲದಂಚಿನ ಹುಣಸೆ, ಮಾವಿನ ತೋಪು ಚುಕ್ಕೆ ಕಾಡುಗೂಬೆಗೂ ಸಾಕು.

ಇವೆರಡನ್ನು ಬಣ್ಣದಿಂದ ಗುರುತಿಸಲು ಹೊರಟವರು ಎಡವುತ್ತಾರೆ. ಎರಡರದೂ ತೊಗಟೆಯೊಳಗೆ ತೊಗಟೆಯಾಗುವ ಕಂದು. ಹಾಲಕ್ಕಿ ಸುಮಾರು 21 ಸೆಂಟಿಮೀಟರ್, ಕಾಡುಗೂಬೆ ಅದರ ಎರಡು ಪಟ್ಟಿಗೂ ಹೆಚ್ಚು. ಆದರೆ ಚಿತ್ರದ ತುಂಬ ಹಕ್ಕಿಯೇ ಇದ್ದರೆ ಆ ಅಂತರ ಅಳಿಸಿಹೋಗುತ್ತದೆ. ಆದ್ದರಿಂದ ಕೊಂಬೆ, ಎಲೆ, ಪೊಟರೆಯ ಬಾಯಿಯೂ ಚಿತ್ರದಲ್ಲಿರಬೇಕೆಂಬುದು ನನ್ನ ವಾದ. ಆಮೇಲೆ ಮುಖ ನೋಡಬೇಕು: ಹಾಲಕ್ಕಿಗೆ ಹಳದಿ ಕಣ್ಣು, ಬಿಳಿ ಹುಬ್ಬು, ಕಾಡುಗೂಬೆಗೆ ಕಪ್ಪನೆಯ ಕಣ್ಣು, ಮುಖದಲ್ಲಿ ಒಂದರೊಳಗೊಂದು ಬಳೆಯಂಥ ಗೆರೆ. ನೆತ್ತಿಯಲ್ಲಿ ಕೊಂಬಿನಂಥ ಗರಿಯೂ ಕಿತ್ತಳೆ ಕಣ್ಣೂ ಕಂಡರೆ ಅದು ಕೊಂಬಿನ ಗೂಬೆ. ಅದನ್ನು ಅರಸಬೇಕಾದದ್ದು ಕಲ್ಲುಗುಡ್ಡ, ಹೊಳೆದಂಡೆಯ ಕೊರಕಲುಗಳಲ್ಲಿ. ಹೃದಯದಾಕಾರದ ಬಿಳಿ ಮುಖವಾದರೆ ಹಾಳು ಗೋಡೆಗಳ ಕಣಜಗೂಬೆ.

ಹತ್ತಿರ ಹೋಗಿ ಫ್ಲ್ಯಾಶ್ ಹಾಕಿದರೆ ಗರಿ ಗರಿಯೂ ಕಾಣುವುದಿಲ್ಲವೇ ಎಂದು ಕೇಳಬಹುದು. ಕಂಡೀತು, ಆದರೆ ಆ ಬೆಳಕು ಕಣ್ಣೊಳಗಿಂದ ಮರಳಿ ಹೊಳೆದು, ಗುರುತಿಗೆ ಬೇಕಾದ ಕಣ್ಣಿನ ಬಣ್ಣವನ್ನೇ ಕೆಡಿಸುತ್ತದೆ. ಹಗಲಲ್ಲಿ ಬೆದರಿ ಹಾರಿದ ಗೂಬೆಯನ್ನು ಕಾಗೆಗಳು ಮುತ್ತುತ್ತವೆ. ಹಗಲಲ್ಲಿ ಅದರ ಕಣ್ಣು ಅರೆಮುಚ್ಚಿರುತ್ತದೆ ಎಂಬ ಆಕ್ಷೇಪ ಮಾತ್ರ ನಿಜ. ಅಂಥಲ್ಲಿ ಹುಬ್ಬು, ಮುಖದ ಬಳೆ, ಎದೆಯ ಗುರುತು ಸಾಕ್ಷಿಯಾಗಬೇಕು. ಅವೂ ಸಾಲದಾದರೆ ಹೆಸರು ಬರೆಯದೆ ಬಿಡುವುದೇ ಸರಿ. ದೂರದಿಂದ, ಮುಂಜಾನೆಯ ಓರೆ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಹಕ್ಕಿ ಸಣ್ಣದಾಗುತ್ತದೆ. ಆದರೂ ಹೊಲದ ನಡುವಿನ ಆ ಒಂಟಿ ಹುಣಸಿ ಗಿಡವನ್ನು ಯಾಕೆ ಕಡಿಯಬಾರದೆಂದು ಯಾರಾದರೂ ಕೇಳಿದರೆ, ತೋರಿಸಲು ಯೋಗ್ಯವಾದದ್ದು ಆ ಚಿತ್ರವೇ.