ಹೆಸರಿನಲ್ಲಿರುವ ಕಾರು

ಕಾರಿನ ಕೀಲಿಕೈ ಯಾರ ಜೇಬಿನಲ್ಲಿದೆ, ಹಣ ಕೊಟ್ಟವರು ಯಾರು, ಪೆಟ್ರೋಲು ತುಂಬಿಸುತ್ತಿರುವವರು ಯಾರು ಎಂಬ ಪ್ರಶ್ನೆಗಳಿಗೆ ಭಾರತದ ಮೋಟಾರು ಕಾನೂನು ಹೆಚ್ಚಿನ ಬೆಲೆ ಕೊಡುವುದಿಲ್ಲ. ಪ್ರಾದೇಶಿಕ ಸಾರಿಗೆ ಕಚೇರಿಯ, ಎಂದರೆ ಎಲ್ಲರೂ ಆರ್‌ಟಿಓ ಎಂದು ಕರೆಯುವ ಕಚೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂಬುದು 1988ರ ಮೋಟಾರು ವಾಹನಗಳ ಕಾಯ್ದೆಯ ನಿಲುವು. ಹೆಸರು ಅಪ್ರಾಪ್ತ ವಯಸ್ಕರದಾಗಿದ್ದರೆ ಪೋಷಕರನ್ನೂ, ವಾಹನವು ಸಾಲದ ಒಪ್ಪಂದಕ್ಕೆ ಒಳಪಟ್ಟಿದ್ದರೆ ಆ ಒಪ್ಪಂದದ ಮೇರೆಗೆ ಅದನ್ನು ವಶದಲ್ಲಿಟ್ಟುಕೊಂಡವರನ್ನೂ ಮಾಲೀಕರೆಂದು ಎಣಿಸಬೇಕೆನ್ನುವ ವಿನಾಯಿತಿಗಳನ್ನು ಬಿಟ್ಟರೆ, ಉಳಿದಂತೆ ಮಾತೆಲ್ಲ ಹೆಸರಿನದು. ಈ ಹೆಸರು ದಾಖಲಾಗುವ ನೋಂದಣಿ ಪತ್ರ ಹಿಂದೆ ಪುಟಗಳಿದ್ದ ಪುಸ್ತಕವಾಗಿತ್ತು, ಈಗ ಅಂಗೈಗಿಂತ ಚಿಕ್ಕ ಕಾರ್ಡಾಗಿದೆ. ಆದರೂ ಹಳಬರು ಅದನ್ನು ಆರ್‌ಸಿ ಬುಕ್ ಎಂದೇ ಕೇಳುತ್ತಾರೆ. ಕಾರು ಕೊಳ್ಳುವಾಗ, ಸಾಲ ಮಾಡುವಾಗ, ಮಾರುವಾಗ, ಬಾಡಿಗೆಗೆ ಕೊಡುವಾಗ ಎದುರಾಗುವ ತಾಪತ್ರಯಗಳಲ್ಲಿ ಬಹುಪಾಲು ಯಂತ್ರದಿಂದ ಹುಟ್ಟಿದವಲ್ಲ, ಕಾರಿಗಿಂತ ನಿಧಾನವಾಗಿ ಚಲಿಸುವ ಈ ಹೆಸರಿನಿಂದ ಹುಟ್ಟಿದವು.

ಕಾರು ದುರ್ಲಭವಾಗಿದ್ದ ದಶಕಗಳಲ್ಲಿ ಹೆಸರಿಗೆ ಇನ್ನಷ್ಟು ತೂಕವಿತ್ತು. ಸ್ವಾತಂತ್ರ್ಯಾನಂತರದ ಲೈಸೆನ್ಸ್ ವ್ಯವಸ್ಥೆಯಲ್ಲಿ, ಕಲ್ಕತ್ತದ ಬಳಿಯ ಉತ್ತರಪಾಡಾದ ಹಿಂದುಸ್ಥಾನ್ ಮೋಟಾರ್ಸ್‌ನ ಅಂಬಾಸಿಡರ್, ಮುಂಬಯಿಯ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್‌ನ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಮೂರೇ ಬಗೆಗಳಲ್ಲಿ ಮಧ್ಯಮವರ್ಗದ ಆಯ್ಕೆ ಮುಗಿದುಹೋಗುತ್ತಿತ್ತು. ಎಷ್ಟು ಕಾರು ತಯಾರಾಗಬೇಕೆಂಬುದನ್ನು ಸರ್ಕಾರ ತೀರ್ಮಾನಿಸುತ್ತಿತ್ತು; 1969ರಲ್ಲಿ ಬೆಲೆಯನ್ನೂ ತಾನೇ ನಿಗದಿ ಮಾಡಿತು; ಹೊಸ ಕಾರಿನ ವಿತರಣೆ ಮತ್ತು ಮಾರಾಟಕ್ಕೆಂದೇ 1959ರ ನಿಯಂತ್ರಣ ಆದೇಶವೊಂದಿತ್ತು. ಇದರ ಫಲವಾಗಿ, ವರ್ಷಗಟ್ಟಲೆ ಸರದಿಯಲ್ಲಿ ಕಾದವರಿಗೆ ಸಿಗುತ್ತಿದ್ದ ಹೊಸ ಕಾರಿಗಿಂತ ಕೂಡಲೇ ಸಿಗುವ ಹಳೆಯ ಕಾರಿಗೆ ಹೆಚ್ಚು ಬೆಲೆ ಬರುವ ವಿಚಿತ್ರವೂ ನಡೆಯುತ್ತಿತ್ತು. ಅರ್ಥಶಾಸ್ತ್ರದ ಪಠ್ಯಪುಸ್ತಕ ಒಪ್ಪದಿದ್ದರೂ ಹುಬ್ಬಳ್ಳಿಯ ದಲ್ಲಾಳಿಗಳಿಗೆ ಅದು ನಿತ್ಯದ ವ್ಯವಹಾರವಾಗಿತ್ತು. ಈ ಕಥೆಗೆ ಕನ್ನಡನಾಡಿನ ಒಂದು ನಿರಾಶೆಯೂ ಸೇರಿಕೊಂಡಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದೇಶೀ ಮೋಟಾರು ಕಾರ್ಖಾನೆಯ ಯೋಜನೆಯೊಂದನ್ನು ರೂಪಿಸಿದ್ದರು; ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡಾಗ ಮೈಸೂರು ಸಂಸ್ಥಾನವೂ ಕೈಜೋಡಿಸಲು ಮುಂದೆ ಬಂದಿತ್ತು; ಆದರೆ ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯದೆ ಮಾತು ಅಲ್ಲಿಗೇ ನಿಂತಿತು. ವಾಲ್‌ಚಂದರು 1944ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪನಿಯೇ ಮುಂದೆ ಫಿಯೆಟ್ಟನ್ನೂ ಅದರ ಹೆಸರು ಬದಲಿಸಿ ಪದ್ಮಿನಿಯನ್ನೂ ತಯಾರಿಸಿತು.

ಪ್ರಸ್ತುತ ಪ್ರಬಂಧದ ಲೇಖಕನ ತಂದೆ ಧಾರವಾಡದಲ್ಲಿ ಕಾಲೇಜು ಅಧ್ಯಾಪಕರಾಗಿದ್ದವರು. ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಕೊಂಡ ಫಿಯೆಟ್ಟಿನ ಆರ್‌ಸಿ ಪುಸ್ತಕದಲ್ಲಿ ಅವರದು ಮೂರನೆಯ ಹೆಸರು. ಮೊದಲನೆಯದು ಹುಬ್ಬಳ್ಳಿಯ ವೈದ್ಯರೊಬ್ಬರದು, ಎರಡನೆಯದು ಗದಗಿನ ಹತ್ತಿ ವ್ಯಾಪಾರಿಯೊಬ್ಬರದು. ಎಂವೈ ಅಕ್ಷರಗಳಿಂದ ಶುರುವಾಗುವ ಹಳೆಯ ಮೈಸೂರು ಸಂಖ್ಯೆ, ಬೇರೆ ಬೇರೆ ಅಧಿಕಾರಿಗಳ ಕೈಬರಹ, ದುಂಡನೆಯ ಮೊಹರು, ತೆರಿಗೆ ಕಟ್ಟಿದ ನಮೂದುಗಳು ತುಂಬಿದ್ದ ಆ ಪುಸ್ತಕವನ್ನು ತಂದೆಯವರು ಮನೆಯ ಪತ್ರಗಳ ಜೊತೆ ಟ್ರಂಕಿನಲ್ಲಿಡುತ್ತಿದ್ದರು, ಕಾರನ್ನು ಮಾತ್ರ ಹೊರಗೆ ಬೇವಿನ ಮರದ ಕೆಳಗೆ ಬಿಡುತ್ತಿದ್ದರು. 1983ರ ಡಿಸೆಂಬರ್ 14ರಂದು ಮಾರುತಿ 800ರ ಮೊದಲ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿ ಹಸ್ತಾಂತರಿಸಿದ ಮೇಲೆ, ಸುಮಾರು 47,500 ರೂಪಾಯಿಯ ಆ ಕಾರು ಫಿಯೆಟ್ಟನ್ನು ಮೆಲ್ಲಗೆ ಮೂಲೆಗೆ ತಳ್ಳಿತಾದರೂ, ಬೇವಿನ ಮರದ ಕೆಳಗಿನ ಕಾರು ಅಲ್ಲಿಯೇ ಉಳಿಯಿತು.

ತಂದೆಯವರು ಕಾರು ಕೊಂಡದ್ದು ಭವಿಷ್ಯನಿಧಿಯ ಮುಂಗಡದಿಂದ ಮತ್ತು ಬ್ಯಾಂಕಿನಲ್ಲಿ ಅಡವಿಟ್ಟ ಬಂಗಾರದಿಂದ. ಕಾರಿನ ಮೇಲೆಯೇ ಸಾಲ ಪಡೆಯುವ ಪದ್ಧತಿ ಆಗ ಬಹುಮಟ್ಟಿಗೆ ಲಾರಿ ಬಸ್ಸುಗಳವರದಾಗಿತ್ತು. 1954ರಲ್ಲಿ ಮದರಾಸಿನಲ್ಲಿ ಆರಂಭವಾದ ಸುಂದರಂ ಫೈನಾನ್ಸ್‌ನಂಥ ಸಂಸ್ಥೆಗಳು ದಕ್ಷಿಣ ಭಾರತದಲ್ಲಿ ಬೆಳೆಸಿದ್ದು ಬಾಡಿಗೆ–ಖರೀದಿ ಎಂಬ ಏರ್ಪಾಟನ್ನು. ಇದರಲ್ಲಿ ವಾಹನ ಸಂಸ್ಥೆಯದೇ ಆಗಿರುತ್ತದೆ. ಗಿರಾಕಿ ಕಂತಿನ ರೂಪದಲ್ಲಿ ಬಾಡಿಗೆ ಕಟ್ಟುತ್ತ ಹೋಗಿ, ಕೊನೆಯ ಕಂತಿನ ನಂತರ ಅದನ್ನು ಕೊಳ್ಳುವ ಹಕ್ಕು ಪಡೆಯುತ್ತಾನೆ. ಇದನ್ನು ನಿಯಂತ್ರಿಸಲು ಸಂಸತ್ತು 1972ರಲ್ಲಿ ಕಾಯ್ದೆಯೊಂದನ್ನು ಅಂಗೀಕರಿಸಿತು, ಆದರೆ ಅದು ಒಂದು ದಿನವೂ ಜಾರಿಗೆ ಬರದೆ 2005ರಲ್ಲಿ ರದ್ದಾಯಿತು. ಇಂದಿನ ಕಾರು ಸಾಲ ಹೆಚ್ಚಾಗಿ ಹೈಪಾಥಿಕೇಶನ್ ಎಂಬ ಬೇರೆ ಬಗೆಯದು. ಬಂಗಾರದ ಅಡವಿನಲ್ಲಿ ವಸ್ತು ಸಾಲ ಕೊಟ್ಟವರ ಕಪಾಟು ಸೇರುತ್ತದೆ. ಹೈಪಾಥಿಕೇಶನ್ನಿನಲ್ಲಿ ವಸ್ತು ಸಾಲಗಾರನ ಬಳಿಯೇ ಇದ್ದು, ಅದರ ಮೇಲಿನ ಹಕ್ಕು ಮಾತ್ರ ಬ್ಯಾಂಕಿಗೆ ಸಂದು, ಆರ್‌ಸಿಯಲ್ಲಿ ಮಾಲೀಕನ ಹೆಸರಿನ ಜೊತೆ ಬ್ಯಾಂಕಿನ ಹೆಸರೂ ನಮೂದಾಗುತ್ತದೆ. ಇದಕ್ಕೆ ಬಳಕೆಯ ಮಾತಿನಲ್ಲಿ ‘ಎಚ್‌ಪಿ ಇದೆ’ ಎನ್ನುತ್ತಾರೆ.

ಬಡ್ಡಿಯ ವಿಷಯದಲ್ಲಿ ಓದುಬರಹ ಬಲ್ಲವರೂ ಎಡವುವ ಒಂದು ಜಾಗವಿದೆ. ಸೆಕೆಂಡ್ ಹ್ಯಾಂಡ್ ಕಾರಿಗೆ ಸಾಲ ಕೊಡಿಸುವವರು ಹೇಳುವ ದರ ಅನೇಕ ವೇಳೆ ಫ್ಲ್ಯಾಟ್ ದರ, ಎಂದರೆ ಅಸಲು ತೀರುತ್ತ ಬಂದರೂ ಮೂಲ ಮೊತ್ತದ ಮೇಲೆಯೇ ಕೊನೆಯವರೆಗೆ ಲೆಕ್ಕ ಹಾಕುವ ದರ. ಐದು ಲಕ್ಷ ರೂಪಾಯಿಗೆ ಶೇಕಡ 10ರ ಫ್ಲ್ಯಾಟ್ ದರದಲ್ಲಿ ಐದು ವರ್ಷಕ್ಕೆ ಎರಡೂವರೆ ಲಕ್ಷ ಬಡ್ಡಿಯಾಗಿ ತಿಂಗಳ ಕಂತು 12,500 ರೂಪಾಯಿ ಬೀಳುತ್ತದೆ. ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಹಾಕುವ ಕ್ರಮದಲ್ಲಿ ಇದನ್ನೇ ಲೆಕ್ಕ ಮಾಡಿದರೆ ನಿಜವಾದ ದರ ಶೇಕಡ 17ನ್ನು ದಾಟುತ್ತದೆ. ಕಂತು ತಪ್ಪಿದರೆ ನಡುದಾರಿಯಲ್ಲಿ ಗಾಡಿ ಕಿತ್ತುಕೊಳ್ಳುವ ‘ಸೀಜಿಂಗ್’ ಹುಡುಗರ ಕಾಟವನ್ನು 2007ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಖಂಡಿಸಿ, ವಸೂಲಿಗೆ ತೋಳ್ಬಲ ಬಳಸಕೂಡದೆಂದು ಹೇಳಬೇಕಾಯಿತು.

ಸಾಲ ತೀರಿದ ಕೂಡಲೇ ಎಚ್‌ಪಿ ತಾನಾಗಿ ಅಳಿಸಿಹೋಗುತ್ತದೆಂದು ಜನ ನಂಬಿರುತ್ತಾರೆ, ಆದರೆ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಓಸಿ, ಮತ್ತು ಇಬ್ಬರ ಸಹಿಯಿರುವ 35ನೇ ನಮೂನೆ ಆರ್‌ಟಿಓಗೆ ಸೇರುವವರೆಗೆ ಅದು ಅಳಿಯದು. ಲೇಖಕ ಬೆಂಗಳೂರಿನಲ್ಲಿ ಕೆಲಸ ಹಿಡಿದು ಸಾಲದ ಮೇಲೆ ಕೊಂಡ ಕಾರಿನ ವಿಷಯದಲ್ಲಿ ಸಾಲ ಕೊಟ್ಟ ಸಂಸ್ಥೆಯೇ ಇನ್ನೊಂದರಲ್ಲಿ ವಿಲೀನವಾಗಿಬಿಟ್ಟಿತ್ತು; ಹಳೆಯ ಹೆಸರಿನ ಸಂಸ್ಥೆ ಇಲ್ಲದ ಕಾರಣ ಅದರ ಮೊಹರು ಸಿಗುವಂತಿರಲಿಲ್ಲ, ಹೊಸ ಸಂಸ್ಥೆಯ ಮೊಹರು ಆರ್‌ಸಿಯಲ್ಲಿದ್ದ ಹೆಸರಿಗೆ ಹೊಂದುವಂತಿರಲಿಲ್ಲ. ವಿಲೀನದ ಆದೇಶದ ಪ್ರತಿಯನ್ನು ಲಗತ್ತಿಸಿದ ಮೇಲೆ ಗಂಟು ಬಿಚ್ಚಿಕೊಂಡಿತು. ಸತ್ತದ್ದು ಮನುಷ್ಯನಾಗಿರಲಿ ಕಂಪನಿಯಾಗಿರಲಿ, ಮರಣದ ದಾಖಲೆ ಬೇಕೆಂಬ ಸರ್ಕಾರಿ ತರ್ಕ ಒಂದು ರೀತಿಯಲ್ಲಿ ಸಮದರ್ಶಿಯೇ ಸರಿ.

ಹೆಸರಿನ ಹಟ ಪೂರ್ತಿಯಾಗಿ ಕಾಣಿಸಿಕೊಳ್ಳುವುದು ಮಾರುವಾಗ. ಕಾಯ್ದೆಯ 50ನೇ ಸೆಕ್ಷನ್ನಿನ ಪ್ರಕಾರ ಮಾರಿದವರು, ಕೊಂಡವರು ಅದೇ ರಾಜ್ಯದವರಾದರೆ 14 ದಿನಗಳೊಳಗೆ, ಹೊರರಾಜ್ಯದವರಾದರೆ 45 ದಿನಗಳೊಳಗೆ ಆರ್‌ಟಿಓಗೆ ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ವರದಿ ಮಾಡಬೇಕು. ತಿಳಿಸುವುದಕ್ಕೆ 29ನೇ ನಮೂನೆ, ವರ್ಗಾಯಿಸುವುದಕ್ಕೆ 30ನೇ ನಮೂನೆ. ಇವೆರಡನ್ನೂ ಸೇರಿಸಿ ದಲ್ಲಾಳಿಗಳು ‘ಟಿ.ಓ. ಸೆಟ್’ ಎನ್ನುತ್ತಾರೆ. ರೂಢಿಯಲ್ಲಿ ಆಗುವುದೇನೆಂದರೆ, ಮಾರುವವರು ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟು ಸಹಿ ಹಾಕಿಕೊಡುತ್ತಾರೆ; ದಲ್ಲಾಳಿ ಆ ಸೆಟ್ಟನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿಟ್ಟುಕೊಂಡು, ಗಿರಾಕಿ ಸಿಕ್ಕಾಗ ಹೆಸರು ತುಂಬುತ್ತಾನೆ. ಪ್ರತಿ ಕೈಬದಲಾವಣೆಗೂ ವರ್ಗಾವಣೆ ಮಾಡಿಸಿದರೆ ‘ಓನರ್’ ಸಂಖ್ಯೆ ಏರಿ ಬೆಲೆ ಇಳಿಯುತ್ತದೆಂಬ ವ್ಯಾಪಾರಿ ಬುದ್ಧಿ ಇದರ ಹಿಂದಿದೆ. ‘ಫಸ್ಟ್ ಓನರ್ ಗಾಡಿ ಸಾರ್’ ಎಂಬ ಮಾತಿಗೆ ಮಾರುಕಟ್ಟೆಯಲ್ಲಿ ಎಂಜಿನ್ನಿನಷ್ಟೇ ಬೆಲೆಯಿದೆ.

ಲೇಖಕನ ಕಾರು ಹೀಗೆ ದಲ್ಲಾಳಿಯೊಬ್ಬನ ಕೈಸೇರಿದ ಮೇಲೆ ಕೆಲಕಾಲ ಹೆಸರು ಬದಲಾಗದೆ ತಿರುಗಿತು. ರಸ್ತೆಯ ಕ್ಯಾಮೆರಾಗಳು ಸಂಖ್ಯಾಫಲಕ ಓದಿ ಕಳಿಸುವ ದಂಡದ ಸಂದೇಶಗಳು ಹಳೆಯ ಮಾಲೀಕನ ಮೊಬೈಲಿಗೇ ಬರುತ್ತಿದ್ದುದರಿಂದ, ಮದುವೆ ಮಾಡಿಕೊಟ್ಟ ಮಗಳ ಸುದ್ದಿ ಬೀಗರ ಊರಿನಿಂದ ಬರುವಂತೆ, ಕಾರು ಒಂದು ವಾರ ಮೈಸೂರು ರಸ್ತೆಯಲ್ಲಿದೆ, ಇನ್ನೊಂದು ವಾರ ಹೆಬ್ಬಾಳದಲ್ಲಿದೆ, ಚಾಲಕ ಸೀಟ್ ಬೆಲ್ಟ್ ಹಾಕಿಲ್ಲ ಎಂಬ ಸಮಾಚಾರ ಮನೆಗೆ ತಲುಪುತ್ತಿತ್ತು. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ಸಂಚಾರ ದಂಡಗಳಿಗೆ ಶೇಕಡ 50ರ ರಿಯಾಯಿತಿ ಘೋಷಿಸಿದಾಗ ಕಟ್ಟಲು ಮುಗಿಬಿದ್ದವರಲ್ಲಿ ಇಂಥ ಮಾಜಿ ಮಾಲೀಕರೂ ಇದ್ದಿರಬೇಕು.

ದಂಡ ಸಣ್ಣದು, ಅಪಘಾತವಾದರೆ ಪ್ರಶ್ನೆ ಬದುಕಿನದೇ ಆಗುತ್ತದೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಪ್ರಕರಣದಲ್ಲಿ, 2007ರಲ್ಲಿ ಮಾರಿದ್ದೆನೆಂದು ನೋಂದಾಯಿತ ಮಾಲೀಕ ಹೇಳಿದ ಕಾರು ಅನಂತರ ಹಲವರ ಕೈದಾಟಿ, 2009ರಲ್ಲಿ ಅಪಘಾತಕ್ಕೀಡಾಗಿತ್ತು. ಆರ್‌ಸಿ ಮಾತ್ರ ಮೊದಲಿನವರ ಹೆಸರಿನಲ್ಲಿಯೇ ಇತ್ತು. ಪರಿಹಾರ ಕೇಳುವ ನೊಂದವರು ಕಾರಿನ ಹಿಂದೆ ಕೈಯಿಂದ ಕೈಗೆ ಮಾಲೀಕರನ್ನು ಹುಡುಕಿಕೊಂಡು ಅಲೆಯಬೇಕಿಲ್ಲವೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿ, ಹೆಸರಿದ್ದವರ ಮೇಲೆಯೇ ಹೊಣೆ ಹೊರಿಸಿತು. ಮಾರಿದವನ ಪಾಲಿಗೆ ಕಠಿಣವೆನಿಸಿದರೂ ತೀರ್ಪಿನ ನ್ಯಾಯ ನಿರಾಕರಿಸಲಾಗದ್ದು, ಏಕೆಂದರೆ ಹೆಸರು ಬದಲಿಸದೆ ಉಳಿಸಿದ ಹಣದ ಲಾಭದಲ್ಲಿ ರಸ್ತೆಯಲ್ಲಿ ಬಿದ್ದವರಿಗೆ ಪಾಲೇನೂ ಇರಲಿಲ್ಲ. ವಿಮೆಯಂತೂ ಕಾರು ಮತ್ತು ಹೆಸರಿನ ನಡುವೆ ಎರಡಾಗಿ ಸೀಳಿಕೊಂಡಿದೆ. ಮೂರನೆಯವರಿಗೆ ಆಗುವ ಹಾನಿಯ ರಕ್ಷಣೆ ಕಾನೂನಿನ ಪ್ರಕಾರ ಕಾರಿನ ಜೊತೆಯೇ ಹೊಸಬರಿಗೆ ಹೋಗುತ್ತದೆ; ಸ್ವಂತ ಕಾರಿನ ಹಾನಿಯ ರಕ್ಷಣೆ ಪಾಲಿಸಿ ವರ್ಗವಾಗದೆ ಹೋಗುವುದಿಲ್ಲ; ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ, ಶೇಕಡ 50ರವರೆಗೂ ಏರುವ ನೋ ಕ್ಲೇಮ್ ಬೋನಸ್ ಮನುಷ್ಯನಿಗೆ ಅಂಟಿಕೊಂಡು, ಅವನು ಕೊಳ್ಳುವ ಮುಂದಿನ ಕಾರಿಗೆ ಬರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮಗಳು ಹಳೆಯ ವಾಹನಗಳ ಅಧಿಕೃತ ವ್ಯಾಪಾರಿಗೆ ಕಾರು ಒಪ್ಪಿಸಿ ತಿಳಿಸಿದ ಮೇಲೆ ಅವನನ್ನೇ ಮಾಲೀಕನೆಂದು ಭಾವಿಸುವ ದಾರಿಯನ್ನು ತೆರೆದಿವೆ; ಟಿ.ಓ. ಸೆಟ್ಟಿನ ಪರಂಪರೆಗೆ ಇದು ಸರಿಯಾದ ಮದ್ದು, ಆದರೆ ಮರದಡಿಯ ದಲ್ಲಾಳಿ ಅಧಿಕೃತನಾಗುವುದಕ್ಕೆ ಕಾಲ ಹಿಡಿಯುತ್ತದೆ.

ರಾಜ್ಯದ ಗಡಿ ದಾಟಿದರೆ ಹೆಸರಿನ ಜೊತೆ ತೆರಿಗೆಯೂ ತಕರಾರು ತೆಗೆಯುತ್ತದೆ: ಕರ್ನಾಟಕದಲ್ಲಿ ಹೊಸ ಪೆಟ್ರೋಲ್ ಕಾರಿಗೆ ಬೆಲೆಗೆ ತಕ್ಕಂತೆ ಶೇಕಡ 13ರಿಂದ 18ರವರೆಗೆ ವಿಧಿಸುವ ಜೀವಿತಾವಧಿ ತೆರಿಗೆ ಇಲ್ಲಿಯ ಬೊಕ್ಕಸಕ್ಕೆ ಸಂದದ್ದಾದ್ದರಿಂದ, ಪುಣೆಗೋ ಹೈದರಾಬಾದಿಗೋ ವರ್ಗವಾದವರು ಇಲ್ಲಿ ಎನ್‌ಓಸಿ ಪಡೆದು, ಅಲ್ಲಿ ಮತ್ತೆ ತೆರಿಗೆ ಕಟ್ಟಿ, ಉಳಿದ ಅವಧಿಯ ಮೊತ್ತಕ್ಕೆ ಇಲ್ಲಿ ಅರ್ಜಿ ಹಾಕಿ ಕಾಯಬೇಕು.

ಕಾರನ್ನು ಸುಮ್ಮನೆ ನಿಲ್ಲಿಸುವ ಬದಲು ಬಾಡಿಗೆಗೆ ಬಿಟ್ಟರೆ ಕಂತಾದರೂ ಹುಟ್ಟುತ್ತದೆಂಬ ಯೋಚನೆ ಸಾಲಗಾರರೆಲ್ಲರಿಗೂ ಒಮ್ಮೆ ಬರುತ್ತದೆ. ಚಾಲಕನಿಲ್ಲದೆ ಬಾಡಿಗೆಗೆ ಕೊಡುವ ವ್ಯವಹಾರಕ್ಕೆ 1989ರ ರೆಂಟ್ ಎ ಕ್ಯಾಬ್ ಯೋಜನೆ ಇದೆ. ಅದರ ಪರವಾನಗಿಗೆ ಕನಿಷ್ಠ 50 ಕಾರುಗಳಿರಬೇಕು, ಅವುಗಳಿಗೆ ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರಗಳ ಫಲಕವಿರಬೇಕು. ಒಂದೇ ಕಾರಿನವನಿಗೆ ಅಲ್ಲಿ ಜಾಗವಿಲ್ಲವಾದ್ದರಿಂದ ಅವನು ಬಿಳಿ ಫಲಕದ ಸ್ವಂತ ಕಾರನ್ನೇ ಪರಿಚಯದವರಿಗೆ ದಿನಬಾಡಿಗೆಗೆ ಕೊಡುತ್ತಾನೆ, ಜನ ಇದನ್ನು ವೈಟ್ ಬೋರ್ಡ್ ಬಾಡಿಗೆ ಎನ್ನುತ್ತಾರೆ. ಸ್ವಂತ ಬಳಕೆಗೆಂದು ಕೊಟ್ಟ ವಿಮೆ ಬಾಡಿಗೆಯ ಓಡಾಟಕ್ಕೆ ಅನ್ವಯಿಸುವುದಿಲ್ಲವೆಂಬ ಷರತ್ತು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಲೇಖಕನ ಸೋದರಮಾವನ ಮಗನೊಬ್ಬ ಹೀಗೆ ಗೋಕರ್ಣಕ್ಕೆಂದು ಕೊಟ್ಟ ಕಾರು ಅಂಕೋಲಾ ಬಳಿ ಹಳ್ಳಕ್ಕಿಳಿದಾಗ, ಕಾರಿನಲ್ಲಿದ್ದವರು ‘ನಾವು ಇವರ ಸ್ನೇಹಿತರು’ ಎಂದು ಬರೆದುಕೊಡಲು ಒಪ್ಪಿದರೂ, ಬಾಡಿಗೆಯ ಹಣ ಮೊಬೈಲಿನಿಂದ ಸಂದಾಯವಾದ ಗುರುತು ಹಾಗೆಯೇ ಉಳಿದಿತ್ತು.

ತಂದೆಯವರು ತೀರಿಕೊಂಡಾಗ ಫಿಯೆಟ್ ಓಡುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ನೋಂದಣಿಯ ಆಯುಷ್ಯ 15 ವರ್ಷ, ಅನಂತರ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಲ್ಲಿ ಈ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಓಡದ ಕಾರಿಗೆ ಅದನ್ನು ಯಾರು ಕಟ್ಟುತ್ತಾರೆ? ಹುಬ್ಬಳ್ಳಿಯ ಗುಜರಿಯವನು ಬಂದು ನೋಡಿ, ತೂಕದ ಲೆಕ್ಕದಲ್ಲಿ ಬೆಲೆ ಹೇಳಿ, ‘ಗಾಡಿ ಕೊಡ್ರಿ ಸರ್, ಬುಕ್ ನೀವ ಇಟ್ಕೋರಿ’ ಎಂದ. ಅವನಿಗೆ ಬೇಡವಾದ ಪುಸ್ತಕವೇ ಕಾನೂನಿಗೆ ಬೇಕಾದದ್ದು: ಕಾರು ನಾಶವಾದರೆ ಅದನ್ನು ವರದಿ ಮಾಡಿ ನೋಂದಣಿ ರದ್ದುಪಡಿಸಿಕೊಳ್ಳುವ ಹೊಣೆ ಮಾಲೀಕರದು, ಮಾಲೀಕರು ತೀರಿಕೊಂಡಿದ್ದರೆ ಉತ್ತರಾಧಿಕಾರಿ 31ನೇ ನಮೂನೆಯಲ್ಲಿ ಅರ್ಜಿ ಹಾಕಿ ಮೊದಲು ತಾನೇ ಮಾಲೀಕನಾಗಬೇಕು. ಹಾಗಾಗಿ ಮರಣ ಪ್ರಮಾಣಪತ್ರ, ತಾಯಿಯ ಮತ್ತು ತಂಗಿಯ ಒಪ್ಪಿಗೆಯ ಅಫಿಡವಿಟ್ಟು, ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚು ಇವೆಲ್ಲದರ ಜೊತೆ ಅರ್ಜಿ ಧಾರವಾಡದ ಆರ್‌ಟಿಓಗೆ ಹೋಯಿತು. ಅದಕ್ಕೆ ತಗಲಿದ ಖರ್ಚು ಗುಜರಿಯವನು ಹೇಳಿದ ಬೆಲೆಯ ಅರ್ಧದಷ್ಟಾಯಿತು. ಅರ್ಜಿಯ ‘ವಾಹನದ ಈಗಿನ ಸ್ಥಿತಿ’ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಕೇಳಿದಾಗ ಕೌಂಟರಿನ ಗುಮಾಸ್ತೆ, ‘ನಿಂತಿದೆ ಅಂತ ಬರೀರಿ, ನಿಮ್ಮ ಹೆಸರಿಗೆ ಬಂದ್ ಮ್ಯಾಲ ಇಲ್ಲ ಅಂತ ಬರೀಬಹುದು’ ಎಂದರು.