ಎಲ್ಲಮ್ಮನ ಗುಡ್ಡದಲ್ಲಿ ಮೋಟಾರಿನ ಉಸಿರು

ಭಾರತ ಹುಣ್ಣಿಮೆಯ ಜಾತ್ರೆ ಮುಗಿದು ವಾರ ಕಳೆದಿತ್ತು. ಸವದತ್ತಿಯ ಎಲ್ಲಮ್ಮನಿಗೆ ನನ್ನ ತಾಯಿ ಹೊತ್ತಿದ್ದ ಹರಕೆ ಎರಡು ವರ್ಷದಿಂದ ಬಾಕಿ ಉಳಿದಿತ್ತು. ಅವಳಿಗೆ ಈಗ ಎಂಬತ್ತೆರಡು. "ಕಾಲು ನಡಿಯೂತನಾ ಒಮ್ಮೆ ಗುಡ್ಡಕ್ಕ ಕರಕೊಂಡು ಹೋಗ್ರಪಾ" ಎಂದು ಅವಳು ಮತ್ತೆ ಮತ್ತೆ ಅಂದಮೇಲೆ ಸುಮ್ಮನಿರುವುದು ಹೇಗೆ? ಕಿತ್ತೂರಿನಿಂದ ಹೊರಟು, ಬೈಲಹೊಂಗಲದ ಮೇಲೆ ಸವದತ್ತಿಗೆ ಹೋಗಿ, ಹರಕೆ ತೀರಿಸಿ, ತಾಯಿಯ ತವರಾದ ರಾಮದುರ್ಗದಲ್ಲಿ ಎರಡು ದಿನ ತಂಗುವುದೆಂದು ನಿಶ್ಚಯವಾಯಿತು. ವಾಹನ ನನ್ನ ಅಕ್ಕನ ಮಗನದು: ಇಪ್ಪತ್ತು ವರ್ಷದ ಹಳೆಯ, 1,300 ಸಿ.ಸಿ. ಪೆಟ್ರೋಲ್ ಕಾರು. ಸಾರಥ್ಯವೂ ಅವನದೇ.

ಹೊರಡುವ ಮೊದಲು, ಕಿತ್ತೂರಿನ ಕೋಟೆಯ ಎದುರಿನ ಬೇವಿನ ನೆರಳಿನಲ್ಲಿ, ಅವನು ಬಾನೆಟ್ಟನ್ನು ಎತ್ತಿ ನನಗೆ ಒಂದು ಹೊಸ ಒಡವೆಯನ್ನು ತೋರಿಸಿದ. ಬೆಳ್ಳಗೆ ಥಳಥಳಿಸುವ ಅಲ್ಯುಮಿನಿಯಮ್ಮಿನ ನಾಲ್ಕು ಕವಲಿನ ಕೊಳವೆ. ಅದರ ಬಾಯಿಗೆ ದುಂಡನೆಯ ಒಂದು ಕಂಠ. ಈ ಕೊಳವೆಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಎಂದು ಹೆಸರು; ಕಂಠಕ್ಕೆ ಥ್ರಾಟಲ್ ಬಾಡಿ. ನಾವು ಕಾಲಿನಿಂದ ಆಕ್ಸಿಲರೇಟರನ್ನು ಒತ್ತಿದಾಗ ತೆರೆದುಕೊಳ್ಳುವುದು ಈ ಕಂಠದೊಳಗಿನ ಬಿಲ್ಲೆ. ಅದು ತೆರೆದಷ್ಟು ಗಾಳಿ ಒಳಗೆ ನುಗ್ಗುತ್ತದೆ; ಕವಲುಕೊಳವೆ ಆ ಗಾಳಿಯನ್ನು ನಾಲ್ಕು ಸಿಲಿಂಡರುಗಳಿಗೆ ಹಂಚುತ್ತದೆ.

"ಮೊದಲಿನ ಕಂಠ 50 ಮಿಲಿಮೀಟರ್ ಇತ್ತು ಮಾಮಾ. ಈಗ 56. ಅಂದರೆ ಹಾದಿ ಕಾಲುಭಾಗ ದೊಡ್ಡದಾತು. ಶಕ್ತಿನೂ ಕಾಲುಭಾಗ ಹೆಚ್ಚಾಗ್ತದಂತ ಗ್ಯಾರೇಜಿನವ್ರು ಹೇಳ್ಯಾರ."

ಅವನ ಎರಡು ತಿಂಗಳ ಸಂಬಳ ಈ ಒಡವೆಗೆ ಸಂದಾಯವಾಗಿತ್ತು. ದೂರದ ದೊಡ್ಡ ಊರಿನ ಆ ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಬಿಚ್ಚಿದ ಹಳೆಯ ಸಾಮಾನುಗಳನ್ನು ಅವರು ಗೋಣಿಚೀಲದಲ್ಲಿ ಕಟ್ಟಿ ಹಿಂದಿನ ಡಿಕ್ಕಿಯಲ್ಲಿ ಇಟ್ಟು ಕಳಿಸಿದ್ದರು. ಅವರು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು.

ಅಳಿಯನ ಗಣಿತವೇನೋ ಸರಿ. ವ್ಯಾಸ 50ರಿಂದ 56ಕ್ಕೆ ಏರಿದರೆ ಬಾಯಿಯ ವಿಸ್ತೀರ್ಣ ಕಾಲುಭಾಗ ಹೆಚ್ಚುತ್ತದೆ. ಗಾಳಿಯ ಮಹಿಮೆಯೂ ಸುಳ್ಳಲ್ಲ. ಒಂದು ಲೀಟರು ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು ಒಂಬತ್ತು ಸಾವಿರ ಲೀಟರು ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು; ಕಷ್ಟವಿರುವುದು ಗಾಳಿಯನ್ನು ಒಳಗೆ ತುಂಬುವುದರಲ್ಲಿ. ಎಂಜಿನು ಹೆಚ್ಚು ಉಸಿರಾಡಿದರೆ ಹೆಚ್ಚು ದುಡಿಯುತ್ತದೆ. ಆದರೆ ಕಂಠವನ್ನು ಅಗಲಿಸಿದ ಮಾತ್ರಕ್ಕೆ ಉಸಿರು ಹೆಚ್ಚುತ್ತದೆಯೆ?

ಹೆದ್ದಾರಿಯ ಮೇಲೆ ಒಂದಿಷ್ಟು ದೂರ ಓಡಿಸಿ ತೋರಿಸುತ್ತೇನೆಂದು ಅವನು ಎಂ.ಕೆ. ಹುಬ್ಬಳ್ಳಿಯ ಕಡೆಗೆ ಹೊರಟ. ಸತ್ಯಕ್ಕೆ ಅಪಚಾರವಾಗಬಾರದು: ಕಾರು ಅಲ್ಲಿ ನಿಜವಾಗಿಯೂ ಹುರುಪಿನಿಂದ ಓಡಿತು. ಎಂಜಿನು ನಿಮಿಷಕ್ಕೆ ಐದು ಸಾವಿರ ಸುತ್ತು ಮುಟ್ಟಿದಾಗ ಒಂದು ಬಗೆಯ ಗರ್ಜನೆ ಹೊರಟಿತು. ಹಿಂದಿನ ಸೀಟಿನಲ್ಲಿ ತಾಯಿ "ಎಲ್ಲವ್ವಾ" ಎಂದಳು. ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆಯುತ್ತ, ಧ್ವನಿವರ್ಧಕದಲ್ಲಿ ಜಾನಪದ ಹಾಡನ್ನು ಮೊಳಗಿಸುತ್ತ ಸಾಗಿದ್ದವು. ಅವುಗಳ ಡೀಸೆಲ್ ಎಂಜಿನಿನಲ್ಲಿ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವುದು ಗಾಳಿಯ ಬಾಗಿಲಲ್ಲ, ಎಣ್ಣೆಯ ಅಳತೆ. ನಿಧಾನವಾಗಿ ಸುತ್ತುತ್ತಲೇ ಹೊರೆಯನ್ನು ಎಳೆದುಕೊಂಡು ಹೋಗುವ ಆ ಗುಣವನ್ನು ನೋಡಿದಾಗ ನನಗೇಕೋ ನಮ್ಮ ಸವಾರಿಯ ಬಗ್ಗೆ ಸಣ್ಣ ಅಳುಕು ಹುಟ್ಟಿತು.

ಮರಳಿ ಬೈಲಹೊಂಗಲದ ದಾರಿ ಹಿಡಿದೆವು. ಎರಡೂ ಕಡೆ ಎರೆಭೂಮಿ. ಕಡಲೆ, ಕುಸುಬೆಗಳ ಸುಗ್ಗಿ. ಊರೊಳಗಿನ ಜನಸಂದಣಿಯಲ್ಲಿ ಕಾರನ್ನು ಮೆಲ್ಲಗೆ ನಡೆಸಬೇಕಾಗಿ ಬಂದಾಗ ತೊಡಕು ತಲೆಯೆತ್ತಿತು. ನಿಂತಲ್ಲೇ ಎಂಜಿನಿನ ಸದ್ದು ಏರುವುದು, ಇಳಿಯುವುದು, ಮತ್ತೆ ಏರುವುದು. ಎರಡು ಸಲ ಆರಿಯೂ ಹೋಯಿತು. ರಾಣಿ ಚೆನ್ನಮ್ಮನ ಸಮಾಧಿಯ ಬಳಿ ಇಳಿದು ಕೈಮುಗಿದೆವು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲಿ ಥ್ಯಾಕರೆಯನ್ನು ಕೆಡವಿದ ಸಂಸ್ಥಾನದ ಒಡತಿ, 1829ರ ಫೆಬ್ರುವರಿಯಲ್ಲಿ ಈ ಊರಿನ ಸೆರೆಯಲ್ಲೇ ಕೊನೆಯುಸಿರೆಳೆದಳು. ತಾಯಿ ಅಲ್ಲಿ ಬಹಳ ಹೊತ್ತು ಕುಳಿತಳು. ಅಳಿಯ ಮಾತ್ರ ಹೊರಗೆ ನಿಂತು ಬಾನೆಟ್ಟಿನೊಳಗೆ ಇಣುಕುತ್ತಿದ್ದ.

ಸವದತ್ತಿ ತಲುಪುವಾಗ ಬಿಸಿಲು ನೆತ್ತಿಗೆ ಏರಿತ್ತು. ರಟ್ಟರ ಕಾಲದ ಸುಗಂಧವರ್ತಿ ಇದೇ. ಊರಿನಿಂದ ಎಲ್ಲಮ್ಮನ ಗುಡ್ಡ ಒಂದು ಹರಿದಾರಿಯೂ ಇಲ್ಲ. ಆದರೆ ಏರು ಶುರುವಾದ ಕೂಡಲೆ ನಮ್ಮ ರಥದ ಗರ್ವಭಂಗವಾಯಿತು. ಐದು ಜನರ ಭಾರ. ಮುಂದೆ ಒಂದು ತುಂಬಿದ ಟ್ರ್ಯಾಕ್ಟರು, ಹಿಂದೆ ಒಂದು ಬಸ್ಸು. ಎರಡನೆಯ ಗೇರಿನಲ್ಲಿ ಎಂಜಿನು ಒದರಾಡಿತು. ಒಂದನೆಯದಕ್ಕೆ ಇಳಿಸುವಷ್ಟರಲ್ಲಿ ಕೆಮ್ಮಿ ನಿಂತಿತು. ಮತ್ತೆ ಚಾಲು ಮಾಡಿ ಹತ್ತು ಮಾರು ಹೋಗುವುದು, ಮತ್ತೆ ನಿಲ್ಲುವುದು. ಹಿಂದಿನ ಬಸ್ಸಿನವನು ಹಾರ್ನು ಬಾರಿಸಿದ. ತಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಆಕಿಗೆ ನಾ ಬರೂದು ಮನಸಿಲ್ಲೇನೋ" ಎಂದಳು. ಆ ಮಾತು ಅಳಿಯನಿಗೆ ಎಷ್ಟು ನಾಟಿತೆಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಕಾರನ್ನು ಹಿಮ್ಮೆಟ್ಟಿಸಿ ಸವದತ್ತಿಗೆ ತಂದೆವು. ತಗಡಿನ ಚಪ್ಪರದ ಕೆಳಗೆ ಕೆಲಸ ಮಾಡುತ್ತಿದ್ದ ಒಬ್ಬ ವೃದ್ಧ ಮಿಸ್ತ್ರಿ ಒಂದು ನಿಮಿಷ ಸದ್ದನ್ನು ಆಲಿಸಿದ. ಆಮೇಲೆ ಸಾಬೂನಿನ ನೀರನ್ನು ತಂದು ಕವಲುಕೊಳವೆಯೂ ಎಂಜಿನೂ ಕೂಡುವ ಸಂದಿಗೆ ತೊಟ್ಟು ತೊಟ್ಟಾಗಿ ಬಿಟ್ಟ. ಮೂರನೆಯ ಕವಲಿನ ಬಳಿ ನೀರು ಚುರ್ರೆಂದು ಒಳಗೆ ಎಳೆದುಕೊಂಡು ಹೋಯಿತು. ಎಂಜಿನಿನ ಸ್ವರವೂ ಬದಲಾಯಿತು.

"ಪ್ಯಾಕಿಂಗ್ ಸರಿ ಕುಂತಿಲ್ರಿ ಸಾಹೇಬ್ರ. ಕಳ್ಳಗಾಳಿ ಹೊಗತೈತಿ."

ಅವನ 'ಕಳ್ಳಗಾಳಿ' ಎಂಬ ಮಾತಿಗೆ ನಾನು ಮನಸೋತೆ. ಇಂದಿನ ಕಾರುಗಳಲ್ಲಿ ಒಂದು ಗಣಕಯಂತ್ರವಿದ್ದು, ಅದು ಒಳಬರುವ ಗಾಳಿಯ ಅಂದಾಜನ್ನು ಹಿಡಿದು ಪೆಟ್ರೋಲನ್ನು ಚಿಮುಕಿಸುತ್ತದೆ. ಅಳತೆಯ ಜಾಗವನ್ನು ದಾಟಿದ ಮೇಲೆ ಸಂದಿಯಿಂದ ನುಸುಳಿದ ಗಾಳಿ ಅದರ ಲೆಕ್ಕಕ್ಕೆ ಸಿಗದು. ಪೆಟ್ರೋಲು ಕಡಿಮೆ ಬಿದ್ದು ಎಂಜಿನು ಕೆಮ್ಮುತ್ತದೆ. ಮೇಲಾಗಿ ಆ ಗಣಕಕ್ಕೆ ಗೊತ್ತಿದ್ದುದು ಹಳೆಯ ಕಂಠದ ಲೆಕ್ಕ. ಗ್ಯಾರೇಜಿನವರು ಹೊಸ ಲೆಕ್ಕವನ್ನು ಕಲಿಸುವ ಗೋಜಿಗೇ ಹೋಗಿರಲಿಲ್ಲ.

ಪ್ಯಾಕಿಂಗು ಬದಲಾಯಿಸಿದ್ದಾಯಿತು. ಎಂಜಿನು ನಿಂತಲ್ಲಿ ಸಮನಾಗಿ ಸುತ್ತತೊಡಗಿತು. ಗಾಳಿ ಸೋಸುವ ಫಿಲ್ಟರಿನಿಂದ ಬೊಗಸೆ ಎರೆಮಣ್ಣಿನ ಧೂಳು ಉದುರಿತು. ಆದರೆ ಏರಿನಲ್ಲಿ ಪರೀಕ್ಷಿಸಿ ಬಂದ ಮಿಸ್ತ್ರಿ ತಲೆಯಾಡಿಸಿದ. "ಓಡಾಕ ಭಾಳ ಚಲೋ ಐತ್ರಿ ಇದು. ಏರಾಕ ದಮ್ಮಿಲ್ಲ. ಹಳೀದು ಐತೇನ್ರಿ?"

ಗೋಣಿಚೀಲ ಹೊರಬಂತು. ಹೊಸ ಕಂಠ ಹಳೆಯ ಕವಲಿನ ಬಾಯಿಗೆ ಕೂಡುವಂತಿರಲಿಲ್ಲ. ಆದ್ದರಿಂದ ಎರಡನ್ನೂ ಬದಲಾಯಿಸಬೇಕಾಯಿತು. ಎರಡು ಕೊಳವೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ ವ್ಯತ್ಯಾಸ ಮಕ್ಕಳಿಗೂ ತಿಳಿಯುವಂತಿತ್ತು. ಹಳೆಯದರ ಕವಲುಗಳು ಉದ್ದ, ಸಪೂರ. ಹೊಸವು ಗಿಡ್ಡ, ಅಗಲ. ಕೆಲಸ ಮುಗಿಯಲು ಮೂರು ತಾಸು ಹಿಡಿಯಿತು. ಇಳಿಹೊತ್ತಿನಲ್ಲಿ ಅದೇ ಐವರು, ಅದೇ ಏರು. ಕಾರು ಎರಡನೆಯ ಗೇರಿನಲ್ಲೇ, ಒಂದು ಸಲವೂ ತಡವರಿಸದೆ ಮೇಲೇರಿತು. ತಾಯಿ "ಉಧೋ ಉಧೋ" ಎಂದಳು. ಅಳಿಯ ಏನೂ ಅನ್ನಲಿಲ್ಲ.

ಅಂದು ಶುಕ್ರವಾರ. ಗುಡಿಯ ಮುಂದೆ ಭಂಡಾರದ ಹಳದಿಯಲ್ಲಿ ಮುಳುಗಿದ ಜನಸಾಗರ. ಆ ಸಾಲಿನಲ್ಲಿ ನಿಂತಾಗಲೇ ನನಗೆ ಉದ್ದ ಕೊಳವೆಯ ಗುಟ್ಟು ಹೊಳೆಯಿತು. ಪೂಜೆಗೆಂದು ಬಾಗಿಲು ಮುಚ್ಚಿದರೆ ಮುಂದಿದ್ದವರು ತಟಕ್ಕನೆ ನಿಲ್ಲುತ್ತಾರೆ. ಆ ನೂಕು ಅಲೆಯಂತೆ ಹಿಂದಕ್ಕೆ ಹೋಗಿ, ಸಾಲಿನ ಕೊನೆ ಮುಟ್ಟಿ, ಮತ್ತೆ ಮುಂದಕ್ಕೆ ಬರುತ್ತದೆ. ಅಲೆ ಬಂದು ತಾಕುವ ಕ್ಷಣದಲ್ಲೇ ಬಾಗಿಲು ತೆರೆದರೆ ಒಮ್ಮೆಗೇ ಹೆಚ್ಚು ಜನ ಒಳಗೆ ತೂರುತ್ತಾರೆ. ಸಿಲಿಂಡರಿನ ವಾಲ್ವು ಮುಚ್ಚಿ ತೆರೆಯುವಾಗ ಕವಲಿನೊಳಗಿನ ಗಾಳಿಗೂ ಹೀಗೆಯೇ ಆಗುತ್ತದೆ. ಎಂಜಿನು ನಿಧಾನವಾಗಿ ಸುತ್ತುವಾಗ ಬಾಗಿಲು ತೆರೆಯಲು ತಡ. ಅಲೆ ಹೊತ್ತಿಗೆ ಸರಿಯಾಗಿ ಬರಬೇಕಾದರೆ ದಾರಿ ಉದ್ದವಿರಬೇಕು. ವೇಗವಾಗಿ ಸುತ್ತುವಾಗ ಗಿಡ್ಡ ದಾರಿಯೇ ಮೇಲು. ಎರಡೂ ಬೇಕೆನ್ನುವ ಕೆಲವು ಕಾರುಗಳಲ್ಲಿ, ಕೊಳವೆಯೊಳಗೇ ಕದವಿಟ್ಟು, ಹೊತ್ತು ನೋಡಿ ದಾರಿಯ ಉದ್ದವನ್ನು ಬದಲಿಸುವ ಏರ್ಪಾಡೂ ಇದೆ. ಮದರಾಸಿನ ಬಳಿಯ ಶೋಳಾವರಂ ವಿಮಾನಪಟ್ಟಿಯಲ್ಲಿ ಒಂದು ಕಾಲಕ್ಕೆ ಪಂದ್ಯಗಳು ನಡೆಯುತ್ತಿದ್ದವು. ಅಂಥಲ್ಲಿ ಅಳಿಯನ ಹೊಸ ಕೊಳವೆ ಮೆರೆಯಬಹುದಿತ್ತು. ಗುಡ್ಡಕ್ಕೆ ಬೇಕಾದುದು ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಬಲ.

ಮರುದಿನ ನವಿಲುತೀರ್ಥಕ್ಕೆ ಹೋದೆವು. ಗುಡ್ಡಗಳ ಇಕ್ಕಟ್ಟಿನಲ್ಲಿ ಮಲಪ್ರಭೆಗೆ 1970ರ ದಶಕದಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಇಲ್ಲಿದೆ. ಎಡದಂಡೆ, ಬಲದಂಡೆ ಕಾಲುವೆಗಳನ್ನು ನೋಡುತ್ತ ಅಳಿಯನೇ ಮಾತು ತೆಗೆದ: "ಮಾಮಾ, ಶಕ್ತಿ ಕಾಲುಭಾಗ ಯಾಕ ಹೆಚ್ಚಾಗಲಿಲ್ಲ?" ನಾನು ತೂಬನ್ನು ತೋರಿಸಿದೆ. ತೂಬನ್ನು ಕಾಲುಭಾಗ ಅಗಲಿಸಬಹುದು; ಆದರೆ ಹೊಲದ ಬಾಯಿ ಮೊದಲಿನಷ್ಟೇ ಇದ್ದರೆ ಬೆಳೆಗೆ ಸಿಗುವ ನೀರು ಹೆಚ್ಚುವುದೆ? ಹಳೆಯ ಕಂಠವೇ ಎಂಜಿನಿಗೆ ಸಾಲದಿದ್ದರೆ ಮಾತ್ರ ಹೊಸದರಿಂದ ಲಾಭ. 1,300 ಸಿ.ಸಿ. ಎಂಜಿನು ಎರಡು ಸಾವಿರ ಸುತ್ತಿನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 1,300 ಲೀಟರು ಗಾಳಿ ಕುಡಿದೀತು. ಆರು ಸಾವಿರದಲ್ಲಿ 3,900. ಮೊದಲನೆಯದಕ್ಕೆ ಹಳೆಯ ಕಂಠ ಧಾರಾಳವಾಗಿ ಸಾಕು. ಎರಡನೆಯದಕ್ಕೂ ವಾಲ್ವು, ಹೊಗೆಕೊಳವೆಗಳ ಇಕ್ಕಟ್ಟು ಹಾಗೆಯೇ ಉಳಿದಿರುವಾಗ ದೊರೆಯುವ ಲಾಭ ಅಲ್ಪ. ದೊಡ್ಡ ಕಂಠದಲ್ಲಿ ಸ್ವಲ್ಪ ಒತ್ತಿದರೂ ಹೆಚ್ಚು ಗಾಳಿ ನುಗ್ಗುವುದರಿಂದ ಕಾರು ಚುರುಕಾಯಿತೆಂದು ಕಾಲಿಗೆ ಅನಿಸುತ್ತದೆ, ಅಷ್ಟೇ. ಕಡಲತೀರಕ್ಕಿಂತ ಸುಮಾರು ಎರಡು ಸಾವಿರ ಅಡಿ ಎತ್ತರದ ಈ ಸೀಮೆಯಲ್ಲಿ ಗಾಳಿಯೇ ನೂರಕ್ಕೆ ಆರರಷ್ಟು ತೆಳು; ಬಿಸಿಲು ಹತ್ತು ಡಿಗ್ರಿ ಏರಿದರೆ ಇನ್ನೂ ಮೂರು ಭಾಗ ಖೋತಾ. ಇವಕ್ಕೆ ಯಾವ ಕೊಳವೆಯೂ ಉತ್ತರವಲ್ಲ.

ಅವನು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದ. "ಗ್ಯಾರೇಜಿನವ್ರಿಗೆ ಇದು ಗೊತ್ತಿರಲಿಲ್ಲೇನು?" ಎಂದ. ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ಸಂಬಳ ಹೋದದ್ದು ಅವನದೇ. ನಾನು ಉತ್ತರ ಕೊಡಲಿಲ್ಲ.

ಸಂಜೆಗೆ ರಾಮದುರ್ಗ. 1948ರವರೆಗೆ ಭಾವೆ ಮನೆತನದವರು ಆಳಿದ ಪುಟ್ಟ ಸಂಸ್ಥಾನವಿದು. ಇಲ್ಲಿಯೂ ಅದೇ ಮಲಪ್ರಭೆ. ತಾಯಿಯ ತವರಿನ ಅಂಗಳದಲ್ಲಿ ಸಾಮಾನು ಇಳಿಸುವಾಗ ಗೋಣಿಚೀಲದಿಂದ ಹೊಸ ಕೊಳವೆ ಥಳಕ್ಕನೆ ಹೊಳೆಯಿತು. ತಾಯಿ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು.

"ಇಷ್ಟು ಚೆಂದ ಐತಿ. ಮೋಡಕಾದಾವರು ಕಿಲೋಕ್ಕ ಎಷ್ಟ್ ಕೊಡ್ತಾರೋ ತಮ್ಮಾ?"

"ಇದನ್ನ ಕೊಡೂದಿಲ್ಲ ಆಯಿ" ಎಂದು ಅವನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಒರಸಿ, ಒಳಗೆ ಒಯ್ದು ಮಂಚದ ಕೆಳಗೆ ಇಟ್ಟ.