ಮಗು ನೋಡಿಕೊಳ್ಳುವವರ ಲೆಕ್ಕ

ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲೇ ಡೇಕೇರ್ ನಡೆಸಲೂ ಲೈಸೆನ್ಸ್ ಬೇಕು. ದೊಡ್ಡ ಲೈಸೆನ್ಸ್ ಇದ್ದರೆ, ಸಹಾಯಕಿಯೊಬ್ಬಳನ್ನು ಇಟ್ಟುಕೊಂಡು, 14 ಮಕ್ಕಳವರೆಗೆ. ಬಡವರ ಮಕ್ಕಳ ಫೀಸು ಸರ್ಕಾರ ಕೊಡುತ್ತದೆ. ಎಷ್ಟು ಅನ್ನುವುದನ್ನು ಮೊದಲು ಗೊತ್ತುಮಾಡುತ್ತಿದ್ದುದೂ ಅದೊಂದೇ. ಊಟ, ಆಟಿಕೆ, ಬಾಡಿಗೆ ಎಲ್ಲ ಕಳೆದು ಮಿಕ್ಕಿದ್ದೇ ಡೇಕೇರ್ ನಡೆಸುವ ಹೆಂಗಸಿನ ಸಂಬಳ. (ಮಿಕ್ಕರೆ!) ಇಂಥವರೆಲ್ಲ ಸಂಘ ಕಟ್ಟಿ ಸರ್ಕಾರದ ಜೊತೆ ಕೂತು ದರದ ಮಾತಾಡೋಣವೆಂದರೆ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಆ ಹಕ್ಕು ಕೊಡುವ ಮಸೂದೆ ಪಾಸಾಗಿ ಹೋದರೂ ಗವರ್ನರ್ ಮೇಜಿನ ಮೇಲೆ ಸಾಯುತ್ತಿತ್ತು. ಶ್ವಾರ್ಜ್‌ನೆಗರ್ ವೀಟೊ ಹಾಕಿದರು, ಬ್ರೌನ್ ಕೂಡ ಹಾಕಿದರು. ಕೊನೆಗೆ 2019ರಲ್ಲಿ ಎಬಿ 378 ಎಂಬ ಅಂಥದೇ ಮಸೂದೆಗೆ ಗವರ್ನರ್ ನ್ಯೂಸಮ್ ಸಹಿ. ಮರುವರ್ಷ ಸಂಘ ಬೇಕೇ ಎಂದು ಮತ ಹಾಕಿದವರಲ್ಲಿ ಶೇ. 97 ಮಂದಿ ಬೇಕೆಂದರು.

ಬೇ ಏರಿಯಾದ ಕನ್ನಡದ ಅಪ್ಪ-ಅಮ್ಮಂದಿರೇ, ಸಂಜೆ ಮಗುವನ್ನು ಕರೆತರಲು ಹೋದಾಗ ಒಮ್ಮೆ ಕೇಳಿ ನೋಡಿ: "ಕೊನೆಗೆ ನಿಮ್ಮ ಕೈಗೆಷ್ಟು ಉಳಿಯುತ್ತೆ?"